ಒಂದಕ್ಕೆ ಮೂರು

ಎಲೆಯಾಟವೆಂದರೆ ನಮ್ಮ ಹಿರಿಯರಿಗೆ ಆಗುತ್ತಿರಲಿಲ್ಲ. ಮನೆ ಹಾಳುಮಾಡುವ ವಿದ್ಯೆಗಳ ಪಟ್ಟಿಯಲ್ಲಿ ಅದಕ್ಕೆ ಮೊದಲನೆಯದಲ್ಲವಾದರೂ ಎರಡನೆಯ ಸ್ಥಾನ ಖಂಡಿತವಾಗಿ ಇತ್ತು. ಧರ್ಮರಾಯ ಕೆಟ್ಟದ್ದು ಜೂಜಿನಿಂದ, ನಳ ಕೆಟ್ಟದ್ದು ಜೂಜಿನಿಂದ ಎಂಬ ದೃಷ್ಟಾಂತಗಳು ಅವರ ನಾಲಗೆಯ ತುದಿಯಲ್ಲಿಯೇ ಇರುತ್ತಿದ್ದುವು. ಆದರೆ ಶಿವರಾತ್ರಿಯ ಜಾಗರಣೆ ಬಂತೆಂದರೆ ಅದೇ ಹಿರಿಯರು ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಬೆಳಗಾಗುವವರೆಗೆ ಕವಡೆ ಚೆಲ್ಲುತ್ತ ಕೂರುತ್ತಿದ್ದರು. ಆಟವನ್ನು ಬೈಯುವುದು, ಬೈಯುತ್ತಲೇ ಆಡುವುದು ನಮ್ಮ ಜನದ ಹಳೆಯ ಪದ್ಧತಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿ, ಅವುಗಳ ಮೇಲೆ ದೇವತೆಗಳ ಚಿತ್ರ ಬರೆಸಿ, ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಅದಕ್ಕೆ ಎಡೆಮಾಡಿಕೊಟ್ಟರು. ಎಲೆಯ ಮೇಲೆ ದೇವರು ಕುಳಿತ ಮೇಲೆ ಆಟಕ್ಕೂ ಒಂದಿಷ್ಟು ಮಡಿ ಬಂದಂತೆಯೇ ಸರಿ.

ಇಷ್ಟನ್ನೆಲ್ಲ ಹೇಳಲು ಕಾರಣ, ಆರು ವರ್ಷದ ನನ್ನ ಮೊಮ್ಮಗನಿಗೆ ಎಲೆಯಾಟ ಕಲಿಸುವ ಹೊಣೆ ನನ್ನ ಪಾಲಿಗೆ ಬಂದುದು. ಅವನು ತಂದುದು ರಾಜ, ರಾಣಿ, ಗುಲಾಮರಿರುವ ಇಸ್ಪೀಟಲ್ಲ. ಈ ಕಾಲದ ಮಕ್ಕಳ ಪೋಕೆಮಾನ್ ಕಾರ್ಡುಗಳು. ಈ ಜಾತಿಯ ಆಟದ ಹುಟ್ಟು ಬಹಳ ಹಳೆಯದಲ್ಲ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವನ್ನು ರಚಿಸಿ ಹೊರತಂದರು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡುಗಳು ಬಂದುವು. ಅಲ್ಲಿಂದ ಅವು ಜಗತ್ತನ್ನು ಸುತ್ತಿ, ಬಳ್ಳಾರಿಯ ಅಂಚಿನಲ್ಲಿ, ಸಂಗನಕಲ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಜಗಲಿಗೂ ಬಂದು ತಲುಪಿವೆ.

ಇಸ್ಪೀಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಸ್ಪೀಟಿನಲ್ಲಿ ಐವತ್ತೆರಡು ಎಲೆ ಎಲ್ಲರಿಗೂ ಸೇರಿದ್ದು. ಹಂಚಿದಾಗ ಕೈಗೆ ಬಂದುದು ಅವರವರ ಅದೃಷ್ಟ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನ್ನದೇ ಕಟ್ಟನ್ನು ಮನೆಯಿಂದ ತರಬೇಕು. ಕಟ್ಟಿನಲ್ಲಿ ಅರವತ್ತು ಎಲೆಗಳು. ಯಾವ ಅರವತ್ತು ಎಂಬುದನ್ನು ಅವನೇ ಆರಿಸಬೇಕು. ಆರಿಸಲು ಎಲೆಗಳು ಎಲ್ಲಿಂದ ಬಂದಾವು? ಒಂದೋ ಅಂಗಡಿಯಲ್ಲಿ ಪೊಟ್ಟಣ ಕೊಳ್ಳಬೇಕು. ಅದರೊಳಗೆ ಏನಿದೆಯೆಂಬುದು ಒಡೆಯುವವರೆಗೆ ತಿಳಿಯುವಂತಿಲ್ಲ. ಇಲ್ಲವೇ ಗೆಳೆಯರೊಡನೆ ಅದಲು ಬದಲು ಮಾಡಿಕೊಳ್ಳಬೇಕು. ಎಂದಮೇಲೆ ಇದರಲ್ಲಿ ಎರಡು ಆಟಗಳಿವೆ: ಎಲೆ ಇಳಿಸಿ ಆಡುವುದೊಂದು, ಎಲೆ ಕೊಟ್ಟು ಎಲೆ ಕೊಳ್ಳುವುದು ಇನ್ನೊಂದು. ಮೊದಲನೆಯದರ ನಿಯಮಗಳು ಪುಸ್ತಕದಲ್ಲಿ ಅಚ್ಚಾಗಿವೆ. ಎರಡನೆಯದರ ನಿಯಮಗಳನ್ನು ಮನೆಯವರೇ ಹೇಳಿಕೊಡಬೇಕು.

ಮೊದಲನೆಯದನ್ನು ಕಲಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಆರು ವರ್ಷದ ಕೈಗೆ ಅರವತ್ತು ಎಲೆ ಹಿಡಿಸುವುದಿಲ್ಲವಾಗಿ ಇಪ್ಪತ್ತಕ್ಕೆ ಇಳಿಸಿದೆ. ಬಹುಮಾನದ ಎಲೆ ಆರರ ಬದಲು ಮೂರು ಸಾಕೆಂದೆ. ತಡೆದದ್ದು ಬೇರೊಂದು ಕಡೆ. ಹುಡುಗ ಒಳ್ಳೆಯ ಎಲೆ ಬಂದ ಕೂಡಲೆ, “ತಾತ, ನನ್ನ ಹತ್ರ ಇದು ಐತಿ ನೋಡು!” ಎಂದು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದ. ಎದುರಾಳಿಗೆ ತೋರಿಸಬಾರದಪ್ಪ, ಮುಚ್ಚಿಟ್ಟುಕೋ ಎಂದರೆ, “ಯಾಕ?” ಎಂದು ಕೇಳುತ್ತಿದ್ದ.

ಆ ‘ಯಾಕ’ ಎಂಬುದಕ್ಕೆ ಉತ್ತರ ಹುಡುಕುತ್ತ ನಾನು ತುಸು ಹೊತ್ತು ಸುಮ್ಮನಿರಬೇಕಾಯಿತು. ಏನನ್ನೂ ಮುಚ್ಚಿಡಲರಿಯದ ಮಗುವಿಗೆ ಮುಚ್ಚಿಡುವುದನ್ನು ಕಲಿಸುವುದೇ ಈ ವಿದ್ಯೆಯ ಓಂನಾಮವೆ? ಯೋಚಿಸಿದಂತೆ ಹಾಗಲ್ಲವೆಂದು ತೋರಿತು. ಆಟದಲ್ಲಿ ನಾನು ಎಲೆ ಮುಚ್ಚಿಟ್ಟಿರುವೆನೆಂಬುದು ಅವನಿಗೆ ಗೊತ್ತು. ಅವನು ಮುಚ್ಚಿಟ್ಟಿರುವುದು ನನಗೆ ಗೊತ್ತು. ಇಬ್ಬರೂ ಒಪ್ಪಿ ಕಟ್ಟಿಕೊಂಡ ತೆರೆ ಅದು. ಒಪ್ಪಿ ಕಟ್ಟಿಕೊಂಡ ತೆರೆಯ ಹಿಂದೆ ನಿಲ್ಲುವುದು ಮೋಸವಲ್ಲ. ಕಣ್ಣುಮುಚ್ಚಾಲೆಯಲ್ಲಿ ಅಡಗಿದವನನ್ನು ಕಳ್ಳನೆಂದು ಯಾರೂ ಪೊಲೀಸರಿಗೆ ಹಿಡಿದುಕೊಡುವುದಿಲ್ಲ. “ಇಬ್ಬರೂ ಮುಚ್ಚಿಟ್ಟುಕೊಂಡರೇ ಆಟ” ಎಂದೆ. ಅವನು ಒಪ್ಪಿದ.

ಎರಡನೆಯ ಆಟ ಬಂದಾಗ ಈ ಉತ್ತರ ಸಾಲದಾಯಿತು.

ಒಂದು ಸಂಜೆ ಹುಡುಗ ಜಗಲಿಯಿಂದ ಓಡಿ ಒಳಗೆ ಬಂದ. “ತಾತ, ಒಂದಕ್ಕ ಮೂರು ಬಂದವು ನೋಡು!” ಕೈಯಲ್ಲಿ ಥಳಥಳನೆ ಹೊಳೆಯುವ ಮೂರು ಎಲೆಗಳು. ಕೊಟ್ಟುದು ಅವನ ಕಟ್ಟಿನಲ್ಲಿದ್ದ ಎಲ್ಲಕ್ಕಿಂತ ಬಲವಾದ ಎಲೆ. ಹೊಳಪಿಲ್ಲದ್ದು, ಅಂಚು ತುಸು ಮಾಸಿದ್ದು. ಬಂದ ಮೂರೂ ಆಟದಲ್ಲಿ ಕವಡೆ ಕಿಮ್ಮತ್ತಿನವಲ್ಲ. ಕೊಂಡವನು ಓಣಿಯ ಹನ್ನೆರಡು ವರ್ಷದ ಹುಡುಗ. ಎಲೆಗಳ ಬೆಲೆ ಬಲ್ಲವನು. ಮೊಮ್ಮಗನಿಗೆ ಎಣಿಕೆ ಬರುತ್ತಿತ್ತು, ಬೆಲೆ ಬರುತ್ತಿರಲಿಲ್ಲ.

ಈ ಪ್ರಸಂಗದಲ್ಲಿ ಮನೆಯೊಳಗೆ ಎರಡು ಪಕ್ಷಗಳಾದುವು. “ಹೋಗಲಿ ಬಿಡಪ್ಪಾ, ಈಗ ಒಂದು ಕಾರ್ಡ್ ಕಳಕೊಂಡು ಕಲಿತರ ಮುಂದ ಹೊಲಮನಿ ಕಳಕೊಳ್ಳೋದು ತಪ್ಪತದ” ಎಂದು ನನ್ನ ಮಗ. “ಅಷ್ಟು ಸಣ್ಣ ಹುಡುಗನ್ನ ಯಾಮಾರಿಸೋದಂದ್ರೇನು? ಮಾವ, ನೀವು ಹೋಗಿ ಇಸಕೊಂಡು ಬರ್ರಿ” ಎಂದು ಸೊಸೆ. ಕರೆಸಿ ಕೇಳಿದಾಗ ದೊಡ್ಡ ಹುಡುಗ ಹೇಳಿದ ಮಾತು ಇವೆರಡಕ್ಕಿಂತಲೂ ಗಟ್ಟಿಯಾಗಿತ್ತು: “ನಾನೇನು ಕಸಗೊಂಡಿಲ್ಲ, ತಾತ. ಸುಳ್ಳೂ ಹೇಳಿಲ್ಲ. ಅವನೇ ಒಪ್ಪಿದ. ಅವನಿಗೆ ಗೊತ್ತಿಲ್ಲದಿದ್ದರ ನಂದೇನು ತಪ್ಪು?”

ಆ ಹುಡುಗನಿಗೆ ತಿಳಿದಿರಲಿಕ್ಕಿಲ್ಲ. ಅವನು ಎತ್ತಿದುದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಂದು ವ್ಯಾಜ್ಯ. ರೋಮಿನ ಸಿಸಿರೋ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ವ್ಯಾಜ್ಯವನ್ನು ಎತ್ತಿಕೊಳ್ಳುತ್ತಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯ ತುಂಬಿದ ಹಡಗಿನೊಡನೆ ಬಂದಿಳಿಯುತ್ತಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಅವನು ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಬೇಕೆ, ಅಥವಾ ಬಾಯಿ ಮುಚ್ಚಿಕೊಂಡು ದುಬಾರಿ ಬೆಲೆಗೆ ಮಾರಿಕೊಳ್ಳಬಹುದೆ? ಬ್ಯಾಬಿಲೋನಿನ ಡಯೋಜಿನಿಸ್ ಎಂಬ ತತ್ತ್ವಜ್ಞನ ಪಕ್ಷದಲ್ಲಿ, ಸುಳ್ಳು ಹೇಳಬಾರದು ನಿಜ, ಆದರೆ ತಿಳಿದುದೆಲ್ಲವನ್ನೂ ಹೇಳಲೇಬೇಕೆಂಬ ಕಟ್ಟಳೆಯಿಲ್ಲ. ಸುಮ್ಮನಿರುವುದು ಬೇರೆ, ಮರೆಮಾಚುವುದು ಬೇರೆ. ಅವನ ಶಿಷ್ಯ ಆಂಟಿಪೇಟರನ ಪಕ್ಷದಲ್ಲಿ, ಮಾರುವವನಿಗೆ ತಿಳಿದುದು ಕೊಳ್ಳುವವನಿಗೂ ತಿಳಿಯಬೇಕು. ಮನುಷ್ಯ ಮನುಷ್ಯನಿಗೆ ಅಷ್ಟಕ್ಕೆ ಋಣಿ. ಸಿಸಿರೋ ತೀರ್ಪು ಕೊಟ್ಟದ್ದು ಶಿಷ್ಯನ ಕಡೆಗೆ.

ನಮ್ಮಲ್ಲಿಯೂ ಈ ಮಾತಿಗೆ ಬಡತನವಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಎಂಬ ತಪಸ್ವಿ, ತಲೆಯ ಜಡೆಯಲ್ಲಿ ಹಕ್ಕಿ ಗೂಡು ಕಟ್ಟಿದರೂ ಅಲುಗದೆ ನಿಂತು, ತನ್ನ ಸಮಾನರಿಲ್ಲವೆಂದು ಬೀಗುತ್ತಾನೆ. ಧರ್ಮ ಕಲಿಯಬೇಕಾದರೆ ವಾರಾಣಸಿಯ ತುಲಾಧಾರನ ಬಳಿಗೆ ಹೋಗೆಂದು ಅವನಿಗೆ ಅಶರೀರವಾಣಿಯಾಗುತ್ತದೆ. ತುಲಾಧಾರ ಋಷಿಯಲ್ಲ, ತಕ್ಕಡಿ ಹಿಡಿದ ಅಂಗಡಿಯವನು. ಅವನ ತಕ್ಕಡಿ ಎಲ್ಲರಿಗೂ ಸಮವಾಗಿ ನಿಲ್ಲುತ್ತದೆ. ಅವನ ತಪಸ್ಸೆಲ್ಲ ಅಷ್ಟೇ. ಕಾಡಿನಲ್ಲಿ ನೆಟ್ಟಗೆ ನಿಲ್ಲುವುದಕ್ಕಿಂತ ಅಂಗಡಿಯಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟವೆಂಬುದನ್ನು ವ್ಯಾಸರು ಬಲ್ಲವರಾಗಿದ್ದರು.

ಆದರೂ ಡಯೋಜಿನಿಸನ ಪಕ್ಷವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹನ್ನೆರಡರ ಹುಡುಗ ಎಲೆಗಳ ಬೆಲೆಯನ್ನು ಬಿಟ್ಟಿಯಾಗಿ ಕಲಿತವನಲ್ಲ. ಎಷ್ಟೋ ಸಲ ಸೋತು, ಎಷ್ಟೋ ಎಲೆ ಕಳೆದುಕೊಂಡು ಕಲಿತವನು. ಕಷ್ಟಪಟ್ಟು ಗಳಿಸಿದ ತಿಳಿವಳಿಕೆಗೆ ಒಂದಿಷ್ಟು ಪ್ರತಿಫಲ ಬೇಡವೆ? ಎಲ್ಲರೂ ಎಲ್ಲವನ್ನೂ ಹೇಳಿಬಿಟ್ಟರೆ ವ್ಯಾಪಾರವೆಂಬುದು ನಡೆದೀತೆ? ಇನ್ನೂ ಒಂದು ಮಾತಿದೆ. ಬೆಲೆಯೆಂಬುದು ಎಲೆಯೊಳಗೆ ಕೂತಿದೆಯೆ, ನೋಡುವ ಕಣ್ಣಿನಲ್ಲಿದೆಯೆ? ಆರು ವರ್ಷದವನಿಗೆ ಹೊಳಪೇ ಬೆಲೆಯಾದರೆ ಅವನಿಗೆ ನಷ್ಟವೇ ಆಗಲಿಲ್ಲವಲ್ಲ! ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟುಕೊಡುತ್ತಿದ್ದ ಚಿತ್ರಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಎಲೆಯೊಂದು 2022ರಲ್ಲಿ 72 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅಂಗೈಗಿಂತ ಚಿಕ್ಕದಾದ ರಟ್ಟಿನ ಚೂರಿಗೆ ಆ ಬೆಲೆಯೂ ಕಣ್ಣು ಕೊಟ್ಟ ಬೆಲೆಯೇ.

ಈ ವಾದಗಳನ್ನು ಮನಸ್ಸಿನಲ್ಲಿ ಹೊರಳಿಸುತ್ತಿರುವಾಗ ನನಗೆ ಎದುರಿಗೆ ಕಾಣುವುದು ಸಂಗನಕಲ್ಲಿನ ಗುಡ್ಡಗಳು. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಸೀಮೆಯ ಶಿಲಾಯುಗದ ನೆಲೆಗಳನ್ನು ಲೋಕಕ್ಕೆ ತೋರಿಸಿಕೊಟ್ಟರು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಅಗೆದು ನೋಡಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಆಮೇಲೆ ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರು ಆ ಕೆಲಸವನ್ನು ಬಹುದೂರ ಮುಂದುವರಿಸಿದ್ದಾರೆ. ಹಿರೇಗುಡ್ಡದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿ ರಾಶಿ ಬಿದ್ದ ಚಕ್ಕೆಗಳನ್ನು ನೋಡಿದ ವಿದ್ವಾಂಸರು, ಆ ಕೊಡಲಿಗಳು ಆ ಊರಿನ ಬಳಕೆಗಷ್ಟೇ ಅಲ್ಲ, ಹೊರಗಿನವರಿಗೂ ಹೋಗುತ್ತಿದ್ದುವು ಎನ್ನುತ್ತಾರೆ. ಎಂದರೆ, ನಾಣ್ಯ ಹುಟ್ಟುವ ಮೊದಲೇ, ಅಕ್ಷರ ಬರುವ ಮೊದಲೇ, ನಮ್ಮ ಮನೆಯ ಎದುರಿನ ಗುಡ್ಡದ ಮೇಲೆ ಅದಲು ಬದಲು ನಡೆದಿತ್ತು.

ಅಲ್ಲಿಗೆ ಕಾಳನ್ನೋ ಕರುವನ್ನೋ ತಂದು ಕೊಡಲಿ ಒಯ್ಯಲು ನಿಂತವನನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಕಲ್ಲಿನ ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೆ ಅದು ಕೆತ್ತಿದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಎರಡು ಪೆಟ್ಟು ಹೊಡೆದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಅವನು ಊರು ಸೇರಿರುತ್ತಾನೆ. ಹನ್ನೆರಡರ ಹುಡುಗನ ಪ್ರಶ್ನೆ ಅಂದೂ ಇತ್ತು. ಪಕ್ಕದಲ್ಲಿಯೇ ಕಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ, ನೋಡಿದವರು ಬಲ್ಲರು. ಗಟ್ಟಿ ಕಲ್ಲು ಹಾಡುತ್ತದೆ, ಒಡೆದ ಕಲ್ಲು ಹಾಡುವುದಿಲ್ಲ. ಇಂದಿಗೂ ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಕಾಸು ಬಿಚ್ಚುತ್ತಾಳೆ. ಒಳ್ಳೆಯ ಕುಂಬಾರ ತಾನೇ ಗಡಿಗೆಯನ್ನು ಮುಂದೆ ನೀಡಿ, “ಬಡಿದು ನೋಡಮ್ಮಾ” ಎನ್ನುತ್ತಾನೆ.

ಡಯೋಜಿನಿಸನಿಗೆ ಉತ್ತರ ಆ ಕುಂಬಾರನ ಕೈಯಲ್ಲಿದೆ ಎಂದು ನನಗೆ ತೋರುತ್ತದೆ. ಅವನು ಲಾಭ ಬಿಟ್ಟವನಲ್ಲ. ಗಡಿಗೆಯ ಬೆಲೆ ತೆಗೆದುಕೊಂಡೇ ಕೊಡುತ್ತಾನೆ. ಆದರೆ ತನ್ನ ಲಾಭ ಗಡಿಗೆಯಿಂದ ಬರಲಿ, ಕೊಳ್ಳುವವಳ ಕಿವುಡಿನಿಂದ ಬಾರದಿರಲಿ ಎನ್ನುತ್ತಾನೆ. ಬೆಲೆ ಕಣ್ಣಿನಲ್ಲಿಯೇ ಇರಬಹುದು. ಹಾಗಿದ್ದರೆ ಆ ಕಣ್ಣು ಪೂರ್ತಿ ತೆರೆದ ಮೇಲೆ ಬೆಲೆ ಕಟ್ಟಲಿ. ಎಲೆಯಾಟದಲ್ಲಿ ಇಬ್ಬರೂ ಒಪ್ಪಿ ತೆರೆ ಕಟ್ಟಿಕೊಂಡಿರುತ್ತಾರೆ. ಅದಲು ಬದಲಿನಲ್ಲಿ ತೆರೆ ಇರುವುದು ಒಬ್ಬನಿಗೆ ಮಾತ್ರ ಗೊತ್ತು. ಇನ್ನೊಬ್ಬನ ಒಪ್ಪಿಗೆಯೆಂಬುದು ತಾನು ಏನನ್ನು ಒಪ್ಪಿದೆನೆಂಬುದನ್ನು ತಿಳಿಯದ ಒಪ್ಪಿಗೆ. ಬಲ್ಲವನ ಮೇಲೆ ಭಾರ ಹೆಚ್ಚು. ಎದುರಿಗಿರುವವನು ಸಣ್ಣವನಾದಷ್ಟೂ ಹೆಚ್ಚು.

ನಾನು ನಾಲ್ಕು ಎಲೆಗಳನ್ನೂ ಜಗಲಿಯ ಮೇಲೆ ಹರಡಿ, ಯಾವುದಕ್ಕೆ ಎಷ್ಟು ಬಲವೆಂಬುದನ್ನು ದೊಡ್ಡ ಹುಡುಗನ ಬಾಯಿಂದಲೇ ಸಣ್ಣವನಿಗೆ ಹೇಳಿಸಿದೆ. ಅವನು ಚೆನ್ನಾಗಿಯೇ ಹೇಳಿದ. ಕಲಿಸುವ ಹುಮ್ಮಸ್ಸಿನಲ್ಲಿ ತನ್ನ ವ್ಯಾಜ್ಯವನ್ನೇ ಮರೆತ. ಆಮೇಲೆ ಎಲೆಗಳು ಹಿಂದಿರುಗಿದುವು. ಹಿಂದಿರುಗಿಸುವಾಗ ಅವನ ಮುಖ ಸಪ್ಪಗಾಯಿತೆಂಬುದನ್ನೂ ಹೇಳಬೇಕು. ಧರ್ಮ ಮಾಡಿದವರಿಗೆಲ್ಲ ಕೂಡಲೇ ಆನಂದವಾಗುತ್ತದೆಯೆಂದು ಮಕ್ಕಳಿಗೆ ಹೇಳುವುದು ಅವರಿಗೆ ಹೊಳಪಿನ ಎಲೆ ಕೊಟ್ಟಂತೆಯೇ.

ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು. ಬೆಲೆ ಕಲಿತ ಮಗು ಈಗ ಬೆಲೆ ಅರಿಯದ ಇನ್ನೊಂದು ಮಗುವಿನ ಎದುರು ಕೂರುತ್ತದೆ. ವಿದ್ಯೆ ಕೊಡುವುದೆಂದರೆ ಮೋಸಮಾಡುವ ಶಕ್ತಿಯನ್ನೂ ಕೊಟ್ಟಂತೆಯೇ. ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ಕೊಡಲು ಬರುವುದಿಲ್ಲ. ಕೆಲವು ದಿನಗಳ ಮೇಲೆ ಎದುರು ಮನೆಯ ಐದು ವರ್ಷದ ಹುಡುಗಿ ಒಂದು ಒಳ್ಳೆಯ ಎಲೆ ಹಿಡಿದು ಬಂದು, ಇವನ ಹಳದಿ ಇಲಿಯ ಚಿತ್ರ ಬೇಕೆಂದಳು. ಮೊಮ್ಮಗ ಆ ಎಲೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ತುಸು ಹೊತ್ತು ಬಿಟ್ಟು, ಒಲ್ಲದ ದನಿಯಲ್ಲಿ, “ನಿಂದು ದೊಡ್ಡದೈತಿ, ಗೊತ್ತೈತೇನು?” ಎಂದ. ಅವಳಿಗೆ ಇಲಿಯೇ ಬೇಕಿತ್ತು. ಕೊಟ್ಟು, ಇಲಿಯನ್ನು ಎದೆಗವಚಿಕೊಂಡು ಹೋದಳು. ಪೇಟೆಯ ಲೆಕ್ಕದಲ್ಲಿ ಅವಳಿಗೆ ನಷ್ಟ. ಆದರೆ ಆ ವ್ಯಾಪಾರದಲ್ಲಿ ನನಗೆ ಕೊರತೆ ಕಾಣಲಿಲ್ಲ. ಗಡಿಗೆಯನ್ನು ಬಡಿದು ನೋಡಲು ಕೊಟ್ಟಾಗಿತ್ತು. ಅವನು ಹಾಗೆ ಹೇಳಿದ್ದು ಧರ್ಮಕ್ಕೋ, ತಾತ ಕೂತಿದ್ದನೆಂಬ ಭಯಕ್ಕೋ? ಭಯವೇ ಇದ್ದೀತು. ತುಲಾಧಾರನ ಕೈಯೂ ಮೊದಲ ದಿನವೇ ನಡುಗದೆ ನಿಂತಿತೆಂದು ನಾನು ನಂಬಲಾರೆ.

ನಮ್ಮ ಹಿರಿಯರು ಜೂಜಿಗೆ ದೃಷ್ಟಾಂತವಾಗಿ ನಳನ ಹೆಸರು ಹೇಳುತ್ತಿದ್ದರಷ್ಟೆ. ಕತೆಯ ಉಳಿದ ಭಾಗವನ್ನು ಹೇಳುತ್ತಿರಲಿಲ್ಲ. ಕೆಟ್ಟುಹೋದ ನಳ ಋತುಪರ್ಣರಾಜನ ಸಾರಥಿಯಾಗಿರುವಾಗ ಅವರಿಬ್ಬರ ನಡುವೆ ಒಂದು ಅದಲು ಬದಲು ನಡೆಯುತ್ತದೆ. ಋತುಪರ್ಣ ತನ್ನ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು ಕೊಡುತ್ತಾನೆ. ನಳ ತನ್ನ ಅಶ್ವಹೃದಯವನ್ನು ಕೊಡುತ್ತಾನೆ. ಕೊಟ್ಟ ಮೇಲೆ ಇಬ್ಬರಿಗೂ ಎರಡೂ ಉಳಿಯುತ್ತವೆ. ಆ ವಿದ್ಯೆಯ ಬಲದಿಂದ ನಳ ಪುಷ್ಕರನನ್ನು ಗೆಲ್ಲುತ್ತಾನೆ. ಗೆದ್ದು, ತನ್ನನ್ನು ಕಾಡಿಗಟ್ಟಿದ ಆ ತಮ್ಮನಿಗೆ ಅವನ ಪಾಲನ್ನು ಹಿಂದಕ್ಕೆ ಕೊಟ್ಟು ಕಳುಹಿಸುತ್ತಾನೆ. ಆಟ ಬಾರದಿದ್ದಾಗ ಅವನು ರಾಜ್ಯ ಕಳೆದುಕೊಂಡ. ಆಟ ಬಂದಾಗ ರಾಜ್ಯವನ್ನು ಪಡೆದು, ಕೊಡುವುದನ್ನೂ ಅರಿತ. ಮಕ್ಕಳಿಗೆ ಆಟವನ್ನು ಕಲಿಸದೆ ಬಿಡುವುದರಲ್ಲಿ ಕ್ಷೇಮವಿಲ್ಲ. ಕಲಿಸುವವರು ಆಟವನ್ನು ಅಷ್ಟರವರೆಗೆ ಕಲಿಸಬೇಕು.