ಕಿರ್ದಿಯ ಸಾಲು

ನಮ್ಮ ತಾತನಿಗೆ ಊರಿನಲ್ಲೊಂದು ದಿನಸಿ ಅಂಗಡಿಯಿತ್ತು. ರಾತ್ರಿ ಬಾಗಿಲು ಹಾಕುವ ಮೊದಲು ಕಿರ್ದಿ ಬರೆಯುತ್ತಿದ್ದರು. ಕಾಸು ಕಡಿಮೆ ಬಿದ್ದ ದಿನ ‘ಎಣಿಕೆ ತಪ್ಪಿದ್ದು ನನ್ನಿಂದ’ ಎಂದೂ ಬರೆದಿಡುತ್ತಿದ್ದರು. ಯಾರೂ ನೋಡದ ಪುಸ್ತಕದಲ್ಲಿ ಮನುಷ್ಯ ತನ್ನ ವಿರುದ್ಧವೇ ಯಾಕೆ ಬರೆದುಕೊಳ್ಳಬೇಕೆಂದು ಆಗ ನನಗೆ ಅರ್ಥವಾಗುತ್ತಿರಲಿಲ್ಲ. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಹಿಡಿದು ಕೂದಲು ನರೆತ ಮೇಲೆ ಆ ಪ್ರಶ್ನೆ ನನ್ನ ಮೇಜಿನ ಮೇಲೇ ಬಂದು ಕುಳಿತಿತು.

ನಾನು ಬಳಸುವ ಸಲಕರಣೆಯ ಹೆಸರು ಜೆಮೀಟರ್. 1998ರಲ್ಲಿ ಸ್ಟೆಫಾನೊ ಮಜ್ಜೊಕ್ಕಿ ಎಂಬವರು ಆರಂಭಿಸಿದ್ದು. ನೂರಾರು ಮಂದಿ ಒಮ್ಮೆಲೇ ಬಂದು ಕದ ತಟ್ಟಿದರೆ ಸರ್ವರ್ ತಡೆದೀತೇ ಎಂದು ನೋಡಲು ಅಷ್ಟು ಮಂದಿ ಹುಸಿ ಬಳಕೆದಾರರನ್ನು ಅದು ಹುಟ್ಟಿಸಿ ಕಳಿಸುತ್ತದೆ. ಅದರ ಕೈಗೆ ಎಟುಕದ ಕಡೆ ಗ್ರೂವಿ ಭಾಷೆಯಲ್ಲಿ ನಮ್ಮದೇ ನಾಲ್ಕು ಸಾಲು ಸೇರಿಸಬಹುದು. ನಾನೂ ಸೇರಿಸಿದ್ದೆ. ಒಬ್ಬನೇ ಬಳಕೆದಾರನಿದ್ದಾಗ ಎಲ್ಲವೂ ಸರಿ. ನೂರು ಮಂದಿಯಾದೊಡನೆ ಒಬ್ಬನಿಗೆ ಇನ್ನೊಬ್ಬನ ಖಾತೆ ತೆರೆದುಕೊಳ್ಳುತ್ತಿತ್ತು. ಸರ್ವರ್ ಕಡೆಯ ಕೋಡು ಬರೆದ ಹುಡುಗನದೇ ತಪ್ಪೆಂದು ವರದಿ ಕೊಟ್ಟೆ. ಮೇಲಿನವರು ಅವನನ್ನು ಕರೆದು ಗದರಿಸಿದ್ದೂ ಆಯಿತು.

ಎರಡು ದಿನ ಹುಡುಕಿ ಸೋತ ಹುಡುಗ ಬಂದು, “ಸಾರ್, ನಿಮ್ಮ ಕೋಡಿನಲ್ಲೂ ಒಂದೆರಡು ಲಾಗ್ ಸಾಲು ಹಾಕಿ ನೋಡಬಹುದಾ?” ಎಂದ. ನನಗೆ ಒಳಗೇ ಸಿಟ್ಟು. ಆದರೂ ಡಿಬಗ್ ಸಾಲು ಹಾಕಿ ಓಡಿಸಿದೆ. ಕಡತದಲ್ಲಿ ಅವುಗಳ ಒಂದಕ್ಷರವೂ ಇಲ್ಲ. “ನೋಡಪ್ಪಾ, ನನ್ನ ಕಡೆ ಏನೂ ಇಲ್ಲ” ಎಂದೆ. ಎಂಥ ಮೌಢ್ಯ ನೋಡಿ! ಜೆಮೀಟರ್ ತಾನಾಗಿ ಬರೆಯುವುದು ಇನ್ಫೊ ಮಟ್ಟದ್ದನ್ನು, ಅದಕ್ಕಿಂತ ಗಂಭೀರವಾದದ್ದನ್ನು. ಡಿಬಗ್ ಸಾಲು ಕಾಣಬೇಕಾದರೆ ಮಟ್ಟವನ್ನು ನಾವೇ ಇಳಿಸಬೇಕು. ಕಿವಿ ಮುಚ್ಚಿಕೊಂಡು ಸದ್ದೇ ಇಲ್ಲವೆಂದ ಹಾಗಾಗಿತ್ತು ನನ್ನ ಮಾತು.

ಮಟ್ಟ ಇಳಿಸಿದೆ. ಪ್ರತಿ ಸಾಲಿನಲ್ಲೂ ಥ್ರೆಡ್ಡಿನ ಹೆಸರು, ಟೋಕನ್ನು ಬರುವಂತೆ ಬರೆದಿದ್ದೆನಲ್ಲ, ಏಳನೆಯವನು ಇಟ್ಟದ್ದನ್ನು ಹನ್ನೆರಡನೆಯವನು ಎತ್ತಿಕೊಂಡದ್ದು ಕಣ್ಣಿಗೆ ಹೊಡೆಯಿತು. ಒಬ್ಬನಿಗೇ ಸೇರಿದ್ದನ್ನು ‘ವಾರ್ಸ್’ನಲ್ಲಿ ಇಡಬೇಕು, ‘ಪ್ರಾಪ್ಸ್’ ಎಂಬುದು ಎಲ್ಲ ಥ್ರೆಡ್ಡುಗಳಿಗೂ ಸೇರಿದ ಚಾವಡಿ. ನಾನು ಟೋಕನ್ನನ್ನು ಚಾವಡಿಯಲ್ಲಿಟ್ಟಿದ್ದೆ.

ಆಗ ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಸದ್ದಿಲ್ಲದೆ ತಿದ್ದಿ, ಲಾಗ್ ಸಾಲುಗಳನ್ನು ಅಳಿಸಿ, ‘ಈಗ ಸರಿಹೋಗಿದೆ’ ಎಂದರೆ ಮುಗಿಯಿತು. ನೆಪವೂ ಸಿದ್ಧವಿತ್ತು, ಅದೂ ಸುಳ್ಳಲ್ಲದ ನೆಪ. ಟೋಕನ್ನೆಂದರೆ ಬೀಗದ ಕೈ. ಅದನ್ನು ಕಡತದಲ್ಲಿ ಹಾಗೇ ಬರೆದಿಡಬಾರದು. ದಾಖಲೆಗೂ ಅದರದೇ ಅಪಾಯವಿದೆ. 2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ‘ಲಾಗ್‌ಫೋರ್‌ಜೆ’ಯಲ್ಲೇ ರಂಧ್ರ ಕಂಡು, ಹೊರಗಿನವರು ಕಳಿಸಿದ ಬರಹವನ್ನು ದಾಖಲಿಸುವಾಗಲೇ ಅವರ ಕೋಡು ಒಳಗೆ ಓಡಬಹುದೆಂದು ತಿಳಿದು ಎಲ್ಲರೂ ಬೆವರಿದ್ದರು. ಹಾಗಾಗಿ ಕೆಲವನ್ನು ಬರೆಯದಿರುವುದೂ ಕರ್ತವ್ಯವೇ. ಆದರೆ ಇನ್ನೊಬ್ಬರ ಗುಟ್ಟನ್ನು ಮರೆಮಾಡುವ ಕೈ ಅದೇ ವೇಗದಲ್ಲಿ ನಮ್ಮ ತಪ್ಪನ್ನೂ ಮರೆಮಾಡಿಬಿಡುತ್ತದಲ್ಲ, ನಡುವೆ ಗೆರೆ ಎಳೆಯುವವರು ಯಾರು? ಎಳೆಯಬೇಕಾದವನಿಗೇ ಅದರಲ್ಲಿ ಲಾಭವಿದೆ.

ಟೋಕನ್ನುಗಳ ಕೊನೆಯ ನಾಲ್ಕಕ್ಷರ ಮಾತ್ರ ಉಳಿಸಿ, ಹೆಸರು, ಹೊತ್ತು ಯಾವುದನ್ನೂ ಮುಟ್ಟದೆ, ಕಡತವನ್ನು ಹುಡುಗನಿಗೂ ಅವನನ್ನು ಗದರಿಸಿದವರಿಗೂ ಕಳಿಸಿದೆ. ಮೇಲೊಂದು ಸಾಲು: ‘ತಪ್ಪು ನನ್ನ ಕೋಡಿನದು.’ ಅದನ್ನು ‘ತಪ್ಪು ನನ್ನದು’ ಎಂದು ತಿದ್ದಲು ಇನ್ನರ್ಧ ಗಂಟೆ ಹಿಡಿಯಿತು.