ಕಾಣದ ಕಡೆಯ ಬೆಸುಗೆ

ರ‍್ಯಾಲಿ ಕಾರುಗಳಿಗೆ ರೋಲ್ ಕೇಜ್ ಕಟ್ಟುವುದು ನನ್ನ ಕಸುಬು. ಪೀಣ್ಯದ ಶೆಡ್ಡಿನಲ್ಲಿ ಸೀಟು, ಡ್ಯಾಶ್‌ಬೋರ್ಡು, ಕಾರ್ಪೆಟ್ಟು ಎಲ್ಲ ಕಳಚಿ, ಬರಿಯ ತಗಡಿನ ಗೂಡಿನೊಳಗೆ ಉಕ್ಕಿನ ಪೈಪುಗಳ ಪಂಜರ ಕೂರಿಸುತ್ತೇನೆ. ಕಾರು ಪಲ್ಟಿಯಾದರೆ ಛಾವಣಿ ಕುಸಿದು ಒಳಗಿನ ಇಬ್ಬರ ತಲೆಯ ಮೇಲೆ ಬೀಳಬಾರದು.

ಒಮ್ಮೆ, ನಾನು ಪಂಜರ ಕಟ್ಟುತ್ತಿದ್ದ ಕಾರಿನ ಹುಡುಗನ ತಾಯಿ ಶೆಡ್ಡಿಗೆ ಬಂದರು. ಕೈಯಲ್ಲಿ ದೇವಸ್ಥಾನದ ಕೆಂಪು ದಾರ. ಪೈಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಕಾಯೋನು ಮೇಲಿದಾನೆ. ಆಯಸ್ಸು ಬರೆದಷ್ಟೇ. ಇಷ್ಟೊಂದು ಕಬ್ಬಿಣ ಯಾಕಪ್ಪಾ?” ಎಂದರು. ನಿಜವಾಗಿ ತಿಳಿಯಬೇಕೆಂದೇ ಕೇಳಿದ ಪ್ರಶ್ನೆ. ದಾರವನ್ನು ಕೈಗೆ ಕಟ್ಟಿಸಿಕೊಂಡೆ, ಉತ್ತರ ಕೊಡಲಾಗಲಿಲ್ಲ.

ಡ್ರೈವರ್ ಬೆನ್ನ ಹಿಂದೆ ಕಮಾನಿನಂತೆ ನಿಲ್ಲುವ ಮೈನ್ ಹೂಪ್ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪು, ಜೋಡಣೆಯಿಲ್ಲದ ಒಂದೇ ತುಂಡು, ಕಾಯಿಸದೆ ಬಾಗಿಸಿದ್ದು. ಅದರ ಕಾಲೂರುವಲ್ಲಿ ಕನಿಷ್ಠ 120 ಚದರ ಸೆಂ.ಮೀ. ಪ್ಲೇಟು ಬೇಕು. ಇವನ್ನೆಲ್ಲ ಯಾರು ಬೇಕಾದರೂ ಅಳೆಯಬಹುದು. ಬೆಸುಗೆ ಪೈಪಿನ ಸುತ್ತ ಪೂರ್ತಿ ಓಡಬೇಕು ಎಂಬ ನಿಯಮವೇ ಕಷ್ಟದ್ದು. ಪೈಪು ಛಾವಣಿಗೆ ಅಂಟಿದಂತೆಯೇ ಇರುವುದರಿಂದ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚು ಹೋಗುವುದೇ ಇಲ್ಲ. ನೆಲದ ತಗಡಿಗೆ ತೂತು ಕೊರೆದು, ಇಡೀ ಪಂಜರವನ್ನು ಅದರೊಳಕ್ಕೆ ಇಳಿಸಿ, ಮೇಲಿನ ಕೂಡಿಕೆಗಳನ್ನು ಬೆಸೆದು, ಮತ್ತೆ ಎತ್ತಿ, ತೂತು ಮುಚ್ಚಬೇಕು. ಎರಡು ದಿನದ ದುಡಿಮೆ. ಮುಕ್ಕಾಲು ಸುತ್ತು ಬೆಸೆದು ಬಣ್ಣ ಹೊಡೆದರೆ, ರ‍್ಯಾಲಿಗೆ ಮುಂಚೆ ಕಾರು ಪರೀಕ್ಷಿಸುವ ಸ್ಕ್ರೂಟಿನಿಯವರ ಕಣ್ಣಿಗೂ ಬೀಳದಿರಬಹುದು.

ಆ ಹುಡುಗನ ಕಾರಿನ ಒಂದು ಕೂಡಿಕೆಯನ್ನು ನಾನು ಹಾಗೆಯೇ ಬಿಟ್ಟಿದ್ದೆ.

ತಾಯಿ ಬಂದುಹೋದ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದ್ವೈತಿಗಳು ‘ಸಾಕ್ಷಿ’ ಎನ್ನುತ್ತಾರಲ್ಲ, ಎಲ್ಲವನ್ನೂ ಕಾಣುವ, ಆದರೆ ತಾನೇನೂ ಮಾಡದ ಅರಿವು, ಅದು ನೆನಪಾಯಿತು. ಛಾವಣಿಯ ಸಂದಿನ ಆ ಕಾಲು ಸುತ್ತನ್ನೂ ಅದು ಕಂಡಿದೆ. ಕಂಡದ್ದರಿಂದ ಬೆಸುಗೆ ಬೀಳುವುದಿಲ್ಲ. ಬೆಸೆಯಲು ಕೈ ಬೇಕು, ಆ ಕೈ ನನ್ನದು. ತಾಯಿ ದೇವರಿಗೊಪ್ಪಿಸಿದ್ದು ಮಗನನ್ನು. ನಾನು ಒಪ್ಪಿಸಿದ್ದು ನನ್ನ ಸೋಮಾರಿತನವನ್ನು. ಬೆಳಿಗ್ಗೆ ನೆಲ ಕೊರೆದೆ.

ಇಂಥ ಲೋಹವೊಂದು ಜೀವ ಉಳಿಸಿದ್ದನ್ನು ಜಗತ್ತೇ ನೋಡಿದೆ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆ ಸೀಳಿಕೊಂಡು ಹೋಗಿ ಎರಡು ತುಂಡಾಗಿ ಉರಿಯಿತು. ಅರ್ಧ ನಿಮಿಷದೊಳಗೆ ಅವರು ಬೆಂಕಿಯಿಂದ ಹೊರಬಂದರು. ತಲೆಯನ್ನು ಉಳಿಸಿದ್ದು ಹಾಲೋ, ಚಾಲಕನ ತಲೆಯ ಸುತ್ತ ನಿಲ್ಲುವ ಟೈಟಾನಿಯಂ ಕಮಾನು. 2018ರಲ್ಲಿ ಅದು ಕಡ್ಡಾಯವಾಗುವ ಮುನ್ನ ಬೇಡವೆಂದವರಲ್ಲಿ ಅವರೂ ಒಬ್ಬರು. ಜನ ಪವಾಡ ಎಂದರು, ನಾನೂ ಎನ್ನುತ್ತೇನೆ. ಆ ಪವಾಡದ ಒಂದು ಪಾಲು ಬಹಳ ಮೊದಲೇ, ಯಾರೋ ಒಬ್ಬ ಕೆಲಸಗಾರ ಟೈಟಾನಿಯಂ ಬೆಸೆಯುತ್ತಾ ಅವಸರ ಮಾಡದಿದ್ದ ಮಧ್ಯಾಹ್ನದಲ್ಲೇ ನಡೆದುಹೋಗಿತ್ತು.

ನಮ್ಮ ಹುಡುಗನ ಕಾರು ಮೂರು ವರ್ಷ ಚಿಕ್ಕಮಗಳೂರಿನ ಎಸ್ಟೇಟು ದಾರಿಗಳಲ್ಲಿ ಓಡಿತು. ಒಮ್ಮೆಯೂ ಮಗುಚಲಿಲ್ಲ. ನನ್ನ ಬೆಸುಗೆ ಪರೀಕ್ಷೆಗೆ ಬರಲೇ ಇಲ್ಲ. ಕೆಂಪು ದಾರ ಬೆವರು, ಧೂಳು ಕುಡಿದು ಕಪ್ಪಾಗಿತ್ತು. ತಾಯಿ ಹೊಸದೊಂದು ತಂದರು. ಅದನ್ನು ಕಾರಿನ ಆ ಕೂಡಿಕೆಯ ಹತ್ತಿರವೇ ಕಟ್ಟಿದೆ.