ಹೊಗೆಸೊಪ್ಪು ಮತ್ತು ಭೋಗೋಪಭೋಗ ಪರಿಮಾಣ

ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲ. ಆದುದರಿಂದ ಅದು ಶ್ರಾವಕನಿಗೆ ನಿಷಿದ್ಧವಲ್ಲವೆಂದು ವಾದಿಸುವವರುಂಟು. ಹೆಸರಿಲ್ಲದಿರುವುದಕ್ಕೆ ಕಾರಣ ಸರಳವಾದುದು. ಈ ಸಸ್ಯದ ಮೂಲ ಅಮೇರಿಕಾ ಖಂಡ. ನಮ್ಮ ನಾಡಿಗೆ ಅದನ್ನು ತಂದವರು ಪೋರ್ಚುಗೀಸರು. ಬಿಜಾಪುರದಲ್ಲಿ ಅದನ್ನು ಕಂಡ ಅಸದ್ ಬೇಗನು 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ಆಸ್ಥಾನಕ್ಕೆ ಒಯ್ದನು. ಸಮಂತಭದ್ರಾಚಾರ್ಯರ ಕಾಲದಲ್ಲಿ ಅದು ಇಲ್ಲಿ ಇರಲೇ ಇಲ್ಲ. ಆದರೂ ರತ್ನಕರಂಡ ಶ್ರಾವಕಾಚಾರದಲ್ಲಿ ಅವರು, ಅನಿಷ್ಟವಾದುದನ್ನೂ ಸತ್ಪುರುಷರ ಸೇವನೆಗೆ ಯೋಗ್ಯವಲ್ಲದುದನ್ನೂ ತ್ಯಜಿಸಬೇಕೆಂದು ವಿಧಿಸಿದ್ದಾರೆ. ಹೆಸರಿಲ್ಲದ ವಸ್ತುವಿಗೂ ಈ ನಿಯಮ ಅನ್ವಯಿಸುತ್ತದೆ.

ಅನಿಷ್ಟವೆಂಬುದರಲ್ಲಿ ಸಂದೇಹವಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ 70 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಾರೆ. ಬೀಡಿ ಸಿಗರೇಟುಗಳು ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುತ್ತವೆ. ಎಲೆ ಅಡಿಕೆಯೊಡನೆ ಅಗಿಯುವ ಹೊಗೆಸೊಪ್ಪು, ಕಡ್ಡಿಪುಡಿಗಳು ಬಾಯಿಯ ಕ್ಯಾನ್ಸರನ್ನು ತರುತ್ತವೆ. ಪ್ರಮಾದದಿಂದ ಪ್ರಾಣಗಳಿಗೆ ಒದಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಆ ಪ್ರಾಣಗಳಲ್ಲಿ ತನ್ನವೂ ಸೇರಿವೆ. ಇನ್ನು ಮನೆಯೊಳಗೆ ಬಿಟ್ಟ ಹೊಗೆಯನ್ನು ಸೇದದ ಹೆಂಡತಿಯೂ ಮಕ್ಕಳೂ ಉಸಿರಾಡುತ್ತಾರೆ. ಅವರು ಮಾಡಿದ ಅಪರಾಧವೇನು?

ನಿಜವಾದ ತೊಡಕು ಬೇರೆಯದು. "ವ್ರತ ಹಿಡಿದು ಮುರಿಯುವುದಕ್ಕಿಂತ ಹಿಡಿಯದಿರುವುದೇ ಲೇಸು" ಎಂದು ಅನೇಕರು ಹಿಂಜರಿಯುತ್ತಾರೆ. ವ್ರತಭಂಗದ ಈ ಭಯ ಗೌರವಾರ್ಹವಾದುದೇ. ಆದರೆ ಅದು ವ್ಯಸನಕ್ಕೆ ಆಶ್ರಯವಾಗಬಾರದು. ಆಚಾರ್ಯರು ಯಾವಜ್ಜೀವ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿರುವುದು ಇಂತಹ ದುರ್ಬಲರ ಮೇಲಿನ ಕರುಣೆಯಿಂದಲೇ ಎನ್ನಬಹುದು.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವವನು ಒಂದು ದಿನ ತಂಬಾಕನ್ನು ಬಿಡಬಲ್ಲನೆಂಬುದು ಸಿದ್ಧವೇ ಆಗಿದೆ. ಆದರೆ ಬಿಟ್ಟ ಎರಡನೆಯ, ಮೂರನೆಯ ದಿನಗಳಲ್ಲಿ ಚಡಪಡಿಕೆಯೂ ಸಿಡುಕೂ ತೀವ್ರವಾಗಿರುತ್ತವೆ. ಅನಂತರ ಕ್ರಮೇಣ ಇಳಿಯುತ್ತವೆ. ಆದುದರಿಂದ ಒಂದು ದಿನದ ನಿಯಮಕ್ಕಿಂತ ದಶಲಕ್ಷಣ ಪರ್ವದ ಹತ್ತು ದಿನಗಳ ನಿಯಮ ಫಲಕಾರಿ. ಆಸೆ ಎದ್ದಾಗ ಕೆಲವು ನಿಮಿಷ ಜಪದಲ್ಲಿ ನಿಂತರೆ ಅದರ ವೇಗ ತಗ್ಗುತ್ತದೆ. ಪರ್ವ ಮುಗಿದಾಗ ನಿಯಮವನ್ನು ಮುಂದುವರಿಸಿ, ಮನಸ್ಸು ದೃಢವಾದಮೇಲೆ ಯಮವನ್ನು ಸ್ವೀಕರಿಸಬಹುದು. ಹತ್ತು ಬೀಡಿಯನ್ನು ಎರಡಕ್ಕಿಳಿಸುವುದು ಮೆಟ್ಟಿಲು ಮಾತ್ರ. ಎರಡೂ ಹೃದಯಕ್ಕೆ ಅಪಾಯವೇ. ಪೂರ್ಣವಾಗಿ ಬಿಟ್ಟವನಿಗೆ ಒಂದು ವರ್ಷದೊಳಗೆ, ಸೇದುವುದರಿಂದ ಹೆಚ್ಚಿದ್ದ ಹೃದ್ರೋಗದ ಭಯ ಸುಮಾರು ಅರ್ಧಕ್ಕಿಳಿಯುತ್ತದೆ.

ವೈದ್ಯರ ನೆರವನ್ನು ಪಡೆಯುವುದರಿಂದ ವ್ರತಕ್ಕೆ ಕುಂದಿಲ್ಲ. 1800 11 2356 ಎಂಬ ರಾಷ್ಟ್ರೀಯ ದೂರವಾಣಿಯಲ್ಲಿ ಉಚಿತ ಸಲಹೆಯೂ ದೊರೆಯುತ್ತದೆ. ಮನೆಯವರು ನಿಂದಿಸದೆ ಸ್ಥಿತೀಕರಣ ಅಂಗವನ್ನು ಪಾಲಿಸಲಿ. ಜಾರಿದವನನ್ನು ಪ್ರಾಯಶ್ಚಿತ್ತದೊಡನೆ ಪುನಃ ನಿಯಮದಲ್ಲಿ ನಿಲ್ಲಿಸಲಿ. ಬರುವ ಭಾದ್ರಪದ ಶುಕ್ಲ ಪಂಚಮಿಯಂದು ಶ್ರಾವಕ ಬಂಧುಗಳು ಈ ನಿಯಮವನ್ನು ಕೈಕೊಳ್ಳುವರೆಂದು ಹಾರೈಸುತ್ತೇನೆ.